ಪುಟವೇ ಇಲ್ಲದ ಕಥೆ ಹಾಳೆಗೆ ಇಳಿಯುವುದು ಹೇಗೆ?

ಕಂಪ್ಯೂಟರಿನಲ್ಲಿ ನೀವು ಟೈಪ್ ಮಾಡಿ ಉಳಿಸಿಟ್ಟ ಕಥೆಗೆ ಪುಟಗಳಿಲ್ಲ. ಅಂಚಿಲ್ಲ, ಪುಟಸಂಖ್ಯೆಯಿಲ್ಲ, ಮೇಲೆ ಕೆಳಗೆ ಅನ್ನುವುದೂ ಇಲ್ಲ. ಬಣ್ಣ, ಚಿತ್ರ, ದಪ್ಪಕ್ಷರ ಯಾವುದೂ ಇಲ್ಲದ ಇಂಥ ಬರಿಯ ಬರಹವನ್ನು ಟೆಕ್ಸ್ಟ್ ಫೈಲ್ ಅನ್ನುತ್ತಾರೆ. ಅದರೊಳಗೆ ಇರುವುದು ಸಂಖ್ಯೆಗಳು ಮಾತ್ರ. ಒಂದರ ಹಿಂದೆ ಒಂದು, ಒಂದೇ ಉದ್ದನೆಯ ಸಾಲು. ಆದರೆ ಪ್ರಿಂಟರಿನಿಂದ ಹೊರಬರುವ ಹಾಳೆಗೆ ಅಗಲವಿದೆ, ಎತ್ತರವಿದೆ, ಮುಗಿಯುವ ಒಂದು ಜಾಗವಿದೆ. ಆ ಉದ್ದನೆಯ ಸಾಲು ಈ ಹಾಳೆಯ ಮೇಲೆ ಅಚ್ಚುಕಟ್ಟಾಗಿ ಕೂರಬೇಕಾದರೆ ಅದನ್ನು ಎಲ್ಲೆಲ್ಲಿ ತುಂಡು ಮಾಡಬೇಕು ಎಂದು ಯಾರಾದರೂ ತೀರ್ಮಾನ ಮಾಡಲೇಬೇಕು. ಆ ತೀರ್ಮಾನ ಮಾಡುವ ಪುಟಾಣಿ ಪ್ರೋಗ್ರಾಮುಗಳ ಪರಿಚಯ ಮಾಡಿಕೊಡುತ್ತೇನೆ ಬನ್ನಿ. ಅವುಗಳಲ್ಲಿ ಕೆಲವಕ್ಕೆ ಐವತ್ತು ವರ್ಷ ದಾಟಿದೆ. ಈಗಲೂ ಲಿನಕ್ಸ್ ಮತ್ತು ಮ್ಯಾಕ್ ಕಂಪ್ಯೂಟರುಗಳಲ್ಲಿ ದಿನವೂ ದುಡಿಯುತ್ತಿವೆ.

ಮೊದಲು ಆ ಸಂಖ್ಯೆಗಳನ್ನು ನೋಡೋಣ. ಇಂಗ್ಲಿಷಿನ ದೊಡ್ಡ ಎ ಅಕ್ಷರಕ್ಕೆ 65, ಬಿಗೆ 66. ಪದಗಳ ನಡುವೆ ಬಿಡುವ ಖಾಲಿ ಜಾಗಕ್ಕೂ ಒಂದು ಸಂಖ್ಯೆ ಉಂಟು, 32. 1963ರಲ್ಲಿ ಅಮೆರಿಕದಲ್ಲಿ ಗೊತ್ತುಮಾಡಿದ ಆಸ್ಕಿ ಎಂಬ ಪಟ್ಟಿಯಿಂದ ಬಂದ ಲೆಕ್ಕ ಇದು. ಆ ಪಟ್ಟಿಯಲ್ಲಿ ಅಕ್ಷರಗಳೇ ಅಲ್ಲದ ಕೆಲವು ಸಂಖ್ಯೆಗಳೂ ಇವೆ. 9 ಬಂದರೆ ಟ್ಯಾಬ್, ಅಂದರೆ ಸ್ವಲ್ಪ ದೂರ ಬಿಟ್ಟು ಮುಂದಕ್ಕೆ ಹೋಗು. 10 ಬಂದರೆ ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸು. 12 ಬಂದರೆ ಈ ಹಾಳೆ ಸಾಕು, ಹೊಸ ಹಾಳೆ ತೆಗೆದುಕೋ. 13 ಬಂದರೆ ಸಾಲಿನ ಶುರುವಿಗೆ ವಾಪಸು ಹೋಗು. ಇವೆಲ್ಲ ಯಂತ್ರಕ್ಕೆ ಕೊಡುವ ಅಪ್ಪಣೆಗಳು.

ಯಾವ ಯಂತ್ರಕ್ಕೆ? ಟೆಲಿಟೈಪ್ ಎಂಬ ಯಂತ್ರಕ್ಕೆ. ಆಗ ಎಲ್ಲ ಕಂಪ್ಯೂಟರುಗಳಿಗೂ ಪರದೆ ಇರಲಿಲ್ಲ. ಟೈಪ್‌ರೈಟರಿನಂಥ ಒಂದು ಭಾರವಾದ ಯಂತ್ರವನ್ನು ತಂತಿಯಿಂದ ಕಂಪ್ಯೂಟರಿಗೆ ಜೋಡಿಸುತ್ತಿದ್ದರು. ನೀವು ಟೈಪ್ ಮಾಡಿದ್ದು ಕಂಪ್ಯೂಟರಿಗೆ ಹೋಗುತ್ತಿತ್ತು. ಕಂಪ್ಯೂಟರಿನ ಉತ್ತರ ಕಾಗದದ ಸುರುಳಿಯ ಮೇಲೆ ಟಕಟಕ ಎಂದು ಅಚ್ಚಾಗುತ್ತಿತ್ತು. ಬಹಳ ಹೆಸರಾಗಿದ್ದ ಮಾಡೆಲ್ 33 ಟೆಲಿಟೈಪ್ ಒಂದು ಸೆಕೆಂಡಿಗೆ 10 ಅಕ್ಷರ ಮೂಡಿಸುತ್ತಿತ್ತು, ಒಂದು ಸಾಲಿನಲ್ಲಿ 72 ಅಕ್ಷರ ಹಿಡಿಸುತ್ತಿತ್ತು. ಸಾಲು ಮುಗಿದ ಮೇಲೆ ಎರಡು ಕೆಲಸ ಆಗಬೇಕು ನೋಡಿ. ಅಚ್ಚು ಒತ್ತುವ ಭಾಗ ಎಡಕ್ಕೆ ಮರಳಬೇಕು, ಅದಕ್ಕೆ 13. ಕಾಗದ ಒಂದು ಸಾಲು ಮೇಲೇರಬೇಕು, ಅದಕ್ಕೆ 10. ಬರೀ 13 ಕಳಿಸಿದರೆ ಹೊಸ ಸಾಲು ಹಳೆಯ ಸಾಲಿನ ಮೇಲೆಯೇ ಅಚ್ಚಾಗಿ ಎರಡೂ ಕಲಸಿಹೋಗುತ್ತಿದ್ದವು. ಬರೀ 10 ಕಳಿಸಿದರೆ ಹೀಗಾಗುತ್ತಿತ್ತು:

ಕಾಗೆ
        ಹಾರಿ
                ಹೋಯಿತು

ಪ್ರಿಂಟರಿನ ಕೆಲಸ ಬಲ್ಲವರು ಇದನ್ನು ಮೆಟ್ಟಿಲು ಎಂದೇ ಕರೆಯುತ್ತಾರೆ. ಯುನಿಕ್ಸ್ ಮಾಡಿದವರು ಫೈಲಿನೊಳಗೆ 10 ಒಂದೇ ಸಾಕು ಎಂದರು. ವಿಂಡೋಸ್‌ನಲ್ಲಿ 13, 10 ಎರಡನ್ನೂ ಇಡುವ ಪದ್ಧತಿ ಉಳಿದುಕೊಂಡಿತು. ಒಂದು ಕಡೆ ಬರೆದ ಫೈಲನ್ನು ಇನ್ನೊಂದು ಕಡೆ ತೆರೆದಾಗ ಸಾಲಿನ ಕೊನೆಯಲ್ಲಿ ಕೆಲವೊಮ್ಮೆ ವಿಚಿತ್ರ ಗುರುತು ಕಾಣುವುದು ಇದರಿಂದಲೇ.

ಯುನಿಕ್ಸ್ ಅಂದೆನಲ್ಲ, ಕಂಪ್ಯೂಟರಿನ ಎಲ್ಲ ಕೆಲಸಗಳನ್ನೂ ನಡೆಸುವ ಮೂಲ ಸಾಫ್ಟ್‌ವೇರ್ ಅದು. ಅದು ಹುಟ್ಟಿದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಕೇಂದ್ರದಲ್ಲಿ. 1969ರಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಅವರ ಗೆಳೆಯರು ಇನ್ಯಾರೋ ಬಳಸಿ ಬಿಟ್ಟಿದ್ದ ಒಂದು ಹಳೆಯ ಯಂತ್ರದ ಮೇಲೆ ಅದನ್ನು ಶುರುಮಾಡಿದರು. ಅವರಿಗೆ ಒಳ್ಳೆಯ ಯಂತ್ರ ಬೇಕಿತ್ತು, ಮೇಲಿನವರು ಹಣ ಕೊಡಲು ಒಪ್ಪುತ್ತಿರಲಿಲ್ಲ. ಕೊನೆಗೆ ಅವರಿಗೆ ಪಿಡಿಪಿ-11 ಎಂಬ ಹೊಸ ಯಂತ್ರ ಸಿಕ್ಕಿದ್ದು ಹೇಗೆ ಗೊತ್ತೇ? ಬರಹವನ್ನು ತಿದ್ದಿ, ಒಪ್ಪ ಮಾಡಿ, ಕಾಗದದ ಮೇಲೆ ಮೂಡಿಸುವ ವ್ಯವಸ್ಥೆ ಕಟ್ಟಿಕೊಡುತ್ತೇವೆ ಎಂದು ಅವರು ಮಾತು ಕೊಟ್ಟರು. ಅದೇ ಸಂಸ್ಥೆಯ ಪೇಟೆಂಟ್ ವಿಭಾಗಕ್ಕೆ ಅಂಥ ವ್ಯವಸ್ಥೆಯೇ ಬೇಕಿತ್ತು. ಹೊಸದಾಗಿ ಏನನ್ನಾದರೂ ಕಂಡುಹಿಡಿದವರು ಸರ್ಕಾರಕ್ಕೆ ಕೊಡುವ ಅರ್ಜಿಗಳನ್ನು ಸಿದ್ಧಪಡಿಸುವ ವಿಭಾಗ ಅದು. ಅರ್ಜಿ ಇಂಥ ಕ್ರಮದಲ್ಲೇ ಇರಬೇಕು, ಸಾಲುಗಳಿಗೆ ಸಂಖ್ಯೆ ಹಾಕಿರಬೇಕು ಎಂದೆಲ್ಲ ಕಟ್ಟುಪಾಡು.

1971ರ ಕೊನೆಯ ಆರು ತಿಂಗಳು ಆ ವಿಭಾಗದ ಮೂವರು ಟೈಪಿಸ್ಟರು ದಿನವಿಡೀ ಆ ಯಂತ್ರದಲ್ಲಿ ಅರ್ಜಿ ಟೈಪ್ ಮಾಡುತ್ತಿದ್ದರು. ಅದೇ ಯಂತ್ರದಲ್ಲಿ, ಅದೇ ಹೊತ್ತಿನಲ್ಲಿ, ವಿಜ್ಞಾನಿಗಳು ತಮ್ಮ ಹೊಸ ಪ್ರೋಗ್ರಾಮುಗಳನ್ನು ಪರೀಕ್ಷೆ ಮಾಡುತ್ತಿದ್ದರು. ಒಂದು ಪ್ರೋಗ್ರಾಮ್ ತಪ್ಪಿದರೂ ಇಡೀ ಯಂತ್ರ ನಿಂತುಹೋಗಿ ಟೈಪಿಸ್ಟರ ಕೆಲಸ ಕೆಡಬಹುದಾಗಿತ್ತು. ಯಂತ್ರದ ನೆನಪಿನ ಜಾಗ 24 ಕಿಲೋಬೈಟ್, ಡಿಸ್ಕ್ 512 ಕಿಲೋಬೈಟ್. ಈಗ ಫೋನಿನಲ್ಲಿ ತೆಗೆದ ಒಂದು ಒಳ್ಳೆಯ ಫೋಟೊ ಆ ಇಡೀ ಡಿಸ್ಕಿನಲ್ಲಿ ಹಿಡಿಸುವುದಿಲ್ಲ! ಅಷ್ಟು ಜಾಗದಲ್ಲಿ ಅವರು ಕೆಲಸ ಸಾಗಿಸಿದರು. ಯುನಿಕ್ಸ್‌ನ ಚರಿತ್ರೆ ಹೇಳುವಾಗ ಎಲ್ಲರೂ ಥಾಂಪ್ಸನ್, ರಿಚಿಯವರ ಹೆಸರು ಹೇಳುತ್ತಾರೆ, ಹೇಳಲೇಬೇಕು. ಆ ಮೂವರು ಟೈಪಿಸ್ಟರನ್ನೂ ನೆನೆಯಬೇಕು ಎಂದು ನನಗೆ ಅನಿಸುತ್ತದೆ. ಪಕ್ಕದಲ್ಲಿ ಕೂತು ದಿನವೂ ಬಳಸುವವರು ಇದ್ದುದರಿಂದಲೇ ಆ ಸಲಕರಣೆಗಳು ಹದಕ್ಕೆ ಬಂದವು.

ಅವರು ಬಳಸಿದ ಪ್ರೋಗ್ರಾಮಿನ ಹೆಸರು ರಾಫ್. 1964ರಲ್ಲಿ ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದಲ್ಲಿ ಜೆರೋಮ್ ಸಾಲ್ಟ್ಜರ್ ಬರೆದ ರನ್ಆಫ್ ಎಂಬ ಪ್ರೋಗ್ರಾಮಿನ ವಂಶದ್ದು ಅದು. ಅದರ ಉಪಾಯ ಬಹಳ ಸರಳ. ಸಾಲು ಚುಕ್ಕಿಯಿಂದ ಶುರುವಾದರೆ ಅದನ್ನು ಅಚ್ಚುಮಾಡುವುದಿಲ್ಲ, ಅದು ಅಪ್ಪಣೆ ಎಂದು ತಿಳಿಯುತ್ತದೆ. ಚುಕ್ಕಿ ಇಟ್ಟು ಸಿ, ಇ ಎಂದು ಬರೆದರೆ ಮುಂದಿನ ಸಾಲನ್ನು ನಡುವಿಗೆ ತರು. ಚುಕ್ಕಿ ಇಟ್ಟು ಬಿ, ಪಿ ಎಂದರೆ ಹೊಸ ಪುಟ. ಈ ವಂಶದ ಮರಿ ಪ್ರೋಗ್ರಾಮುಗಳು ಇವತ್ತಿಗೂ ಇವೆ. ಲಿನಕ್ಸ್‌ನಲ್ಲಿ ಯಾವುದಾದರೂ ಕಮಾಂಡಿನ ಕೈಪಿಡಿ ತೆರೆದಾಗ, ನಿಮ್ಮ ಕಿಟಕಿಯ ಅಗಲ ನೋಡಿಕೊಂಡು ಬರಹವನ್ನು ಹೊಂದಿಸಿಕೊಡುವುದು ಅವೇ.

ಈಗ ಟರ್ಮಿನಲ್ ತೆರೆಯೋಣ. ಚಿತ್ರ, ಗುಂಡಿ ಏನೂ ಇಲ್ಲದ ಕಿಟಕಿ ಅದು. ಟೆಲಿಟೈಪ್ ಮಾಡುತ್ತಿದ್ದ ಕೆಲಸವನ್ನೇ ಪರದೆಯ ಮೇಲೆ ಮಾಡುತ್ತದೆ. ನಾವು ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಕಂಪ್ಯೂಟರ್ ಅದರಂತೆ ನಡೆಯುತ್ತದೆ. ಕಮಾಂಡುಗಳ ಹೆಸರನ್ನು ಇಲ್ಲಿ ಓದಲು ಸುಲಭವಾಗಲೆಂದು ಕನ್ನಡದಲ್ಲಿ ಬರೆದಿದ್ದೇನೆ. ಕೀಬೋರ್ಡಿನಲ್ಲಿ ಅವನ್ನು ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ ಒತ್ತಬೇಕು. ಫೈಲಿನ ಹೆಸರನ್ನು ಮಾತ್ರ ಕನ್ನಡದಲ್ಲೇ ಇಡಬಹುದು. ನಮ್ಮ ಫೈಲಿನ ಹೆಸರು ‘ಕಥೆ’ ಇರಲಿ. ಸದ್ಯಕ್ಕೆ ಅದರೊಳಗೆ ಇಂಗ್ಲಿಷ್ ಪಾಠವೊಂದು ಇದೆ ಎಂದುಕೊಳ್ಳಿ. ಕನ್ನಡಕ್ಕೆ ಆಮೇಲೆ ಬರೋಣ, ಅಲ್ಲಿ ನೋಡುವುದು ಬೇಕಾದಷ್ಟಿದೆ.

ಮೊದಲ ಸಹಾಯಕನ ಹೆಸರು ಫೋಲ್ಡ್. 60 ಅಗಲಕ್ಕೆ ಮಡಿಸು ಎಂದರೆ ಅದು ಒಂದು, ಎರಡು, ಮೂರು ಎಂದು ಎಣಿಸುತ್ತ ಹೋಗಿ 60 ಆದ ಕೂಡಲೇ ಕತ್ತರಿಸುತ್ತದೆ. ಪದದ ನಡುವೆ ಬಂದರೂ ಸರಿ, ಕತ್ತರಿ ಬಿತ್ತು. ಸಂತೆಯಲ್ಲಿ ಹೂವಿನವರು ಮಲ್ಲಿಗೆ ಮಾಲೆಯನ್ನು ಮೊಳ ಹಾಕುವುದನ್ನು ನೋಡಿದ್ದೀರಲ್ಲ? ಮೊಳ ಮುಗಿಯುವ ಕಡೆ ಹೂವೊಂದು ಬಂದರೆ ಅವರು ಹೂವನ್ನು ಕತ್ತರಿಸುವುದಿಲ್ಲ, ಪಕ್ಕದ ಗಂಟಿನ ಹತ್ತಿರ ದಾರ ಕತ್ತರಿಸುತ್ತಾರೆ. ಫೋಲ್ಡ್‌ಗೂ ಆ ಬುದ್ಧಿ ಹೇಳಿಕೊಡಬಹುದು. ಅದರ ಮುಂದೆ ಒಂದು ಅಡ್ಡಗೆರೆ ಹಾಕಿ ಎಸ್ ಎಂದು ಬರೆದರೆ, 60 ದಾಟುವ ಮೊದಲು ಸಿಕ್ಕ ಕೊನೆಯ ಖಾಲಿ ಜಾಗದಲ್ಲಿ ಕತ್ತರಿಸುತ್ತದೆ. ಪದ ಇಡಿಯಾಗಿ ಉಳಿಯುತ್ತದೆ.

ಎರಡನೆಯವನ ಹೆಸರು ಎಫ್‌ಎಂಟಿ. ಇವನು ಕತ್ತರಿಸುವುದರ ಜೊತೆಗೆ ಕೂಡಿಸುವುದನ್ನೂ ಬಲ್ಲ. ಒಂದು ಸಾಲು ಉದ್ದ, ಮುಂದಿನದು ಗಿಡ್ಡ, ಹೀಗೆ ಬರೆದ ಪ್ಯಾರಾ ಕೊಟ್ಟರೆ ಎಲ್ಲವನ್ನೂ ಸೇರಿಸಿ, ಸುಮಾರು ಒಂದೇ ಉದ್ದದ ಸಾಲುಗಳಾಗಿ ಮತ್ತೆ ಹಂಚುತ್ತಾನೆ. ನೀವು ಏನೂ ಹೇಳದಿದ್ದರೆ 75 ಅಗಲ ಮೀರದಂತೆ ನೋಡಿಕೊಳ್ಳುತ್ತಾನೆ. ನಡುವೆ ಖಾಲಿ ಸಾಲು ಬಿಟ್ಟಿದ್ದರೆ ಅದು ಹೊಸ ಪ್ಯಾರಾ ಎಂದು ತಿಳಿಯುತ್ತಾನೆ. ಒಂದು ಎಚ್ಚರ ಇರಲಿ. ಇವನ ಕೈಗೆ ಪದ್ಯ ಕೊಡಬೇಡಿ. ಪದ್ಯದ ಗಿಡ್ಡ ಸಾಲುಗಳನ್ನು ಕಂಡರೆ, ಅಯ್ಯೋ ಇವು ಅರ್ಧಕ್ಕೆ ನಿಂತಿವೆ ಎಂದುಕೊಂಡು ಎಲ್ಲವನ್ನೂ ಜೋಡಿಸಿ ಗದ್ಯ ಮಾಡಿಬಿಡುತ್ತಾನೆ! ಪದ್ಯ ಯಾವುದು ಗದ್ಯ ಯಾವುದು ಎಂದು ಅವನಿಗೆ ತಿಳಿಯದು. ಅದನ್ನು ನೀವು ಹೇಳಬೇಕು. ಲಿನಕ್ಸ್‌ನಲ್ಲಿ ಇವನಿಗೂ ಅಡ್ಡಗೆರೆ ಎಸ್ ಎಂದರೆ ಉದ್ದ ಸಾಲನ್ನು ಮುರಿಯುತ್ತಾನೆ, ಗಿಡ್ಡ ಸಾಲುಗಳನ್ನು ಕೂಡಿಸುವುದಿಲ್ಲ.

ಮೂರನೆಯದು ಪಿಆರ್. ಪುಟ ಎಂಬುದನ್ನು ಹುಟ್ಟಿಸುವುದು ಇದೇ. 1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲೇ ಇದರ ಹೆಸರಿದೆ. ಪಿಆರ್ ಪ್ರಕಾರ ಒಂದು ಪುಟಕ್ಕೆ 66 ಸಾಲು. ಮೇಲಿನ 5 ಸಾಲು ತಲೆಬರಹಕ್ಕೆ, ಕೆಳಗಿನ 5 ಸಾಲು ಖಾಲಿ. ನಡುವೆ ಉಳಿದ 56ರಲ್ಲಿ ನಿಮ್ಮ ಬರಹ. ತಲೆಬರಹದ ಐದು ಸಾಲುಗಳಲ್ಲಿ ಎರಡು ಖಾಲಿ, ಮೂರನೆಯದರಲ್ಲಿ ಫೈಲನ್ನು ಕೊನೆಯ ಸಲ ತಿದ್ದಿದ ದಿನ ಮತ್ತು ಹೊತ್ತು, ಫೈಲಿನ ಹೆಸರು, ಪುಟಸಂಖ್ಯೆ. ಮತ್ತೆ ಎರಡು ಖಾಲಿ. ಆ ದಿನಾಂಕ ನನಗೆ ಬಹಳ ಮೆಚ್ಚಿಗೆ. ಒಂದೇ ಪಾಠದ ಎರಡು ಪ್ರತಿ ಕೈಗೆ ಸಿಕ್ಕಿದರೆ ಯಾವುದು ಹೊಸದು ಎಂದು ಹಾಳೆಯೇ ಹೇಳುತ್ತದೆ.

66 ಎಲ್ಲಿಂದ ಬಂತು? ಅಮೆರಿಕದ ಸಾಮಾನ್ಯ ಹಾಳೆಯ ಎತ್ತರ 11 ಅಂಗುಲ. ಹಳೆಯ ಅಚ್ಚುಯಂತ್ರಗಳು ಒಂದು ಅಂಗುಲಕ್ಕೆ 6 ಸಾಲು ಹಾಕುತ್ತಿದ್ದವು. ಹನ್ನೊಂದಾರ್ಲಿ ಅರವತ್ತಾರು. ನಮ್ಮ ಶಾಲೆಗಳಲ್ಲಿ ಬಳಸುವುದು ಎ4 ಹಾಳೆ, ಅದರ ಎತ್ತರ 297 ಮಿಲಿಮೀಟರ್. ಒಂದು ಅಂಗುಲ ಎಂದರೆ 25.4 ಮಿಲಿಮೀಟರ್. ಭಾಗಿಸಿ ನೋಡಿ: ಸುಮಾರು 11.7 ಅಂಗುಲ ಬರುತ್ತದೆ. ಅದನ್ನು 6ರಿಂದ ಗುಣಿಸಿದರೆ 70 ಸಾಲು. ಅಂದರೆ ನಮ್ಮ ಹಾಳೆಯಲ್ಲಿ 4 ಸಾಲು ಹೆಚ್ಚು ಹಿಡಿಸುತ್ತದೆ. ಅಂಚನ್ನೇ ಬಿಡದೆ ಅಚ್ಚುಮಾಡುವ ಪ್ರಿಂಟರ್ ಇದೆ ಎಂದುಕೊಂಡು ಮುಂದೇನಾಗುತ್ತದೆ ನೋಡೋಣ. ಪಿಆರ್ 66 ಸಾಲಿಗೆ ಮೊದಲ ಪುಟ ಮುಗಿಸಿ ಎರಡನೆಯ ಪುಟ ಶುರುಮಾಡುತ್ತದೆ. ಆದರೆ ಹಾಳೆ ಇನ್ನೂ ಮುಗಿದಿಲ್ಲ. ಎರಡನೆಯ ಪುಟದ ತಲೆಬರಹ ಮೊದಲ ಹಾಳೆಯ 69ನೆಯ ಸಾಲಿನಲ್ಲಿ, ಅಂದರೆ ಬುಡದಲ್ಲಿ ಅಚ್ಚಾಗುತ್ತದೆ! ಮೂರನೆಯದರ ತಲೆಬರಹ ಎರಡನೆಯ ಹಾಳೆಯಲ್ಲಿ ಇನ್ನೂ 4 ಸಾಲು ಮೇಲೇರುತ್ತದೆ. ಹೋಗುತ್ತ ಹೋಗುತ್ತ ತಲೆಬರಹ ಹಾಳೆಯ ನಡುವಿಗೇ ಬಂದುಬಿಡುತ್ತದೆ. ಇದಕ್ಕೆ ಎರಡು ಪರಿಹಾರ. ಪುಟಕ್ಕೆ 70 ಸಾಲು ಎಂದು ಪಿಆರ್‌ಗೆ ಹೇಳುವುದು ಒಂದು. ನಿಜವಾದ ಪ್ರಿಂಟರುಗಳು ಅಂಚು ಬಿಡುವುದರಿಂದ ಈ ಲೆಕ್ಕ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಹಾಗಾಗಿ ಎರಡನೆಯ ಪರಿಹಾರವೇ ಹೆಚ್ಚು ಗಟ್ಟಿ: ಪುಟ ಮುಗಿದಾಗ ಖಾಲಿ ಸಾಲು ತುಂಬಿಸುತ್ತ ಕೂರಬೇಡ, 12 ಎಂಬ ಸಂಖ್ಯೆ ಕಳಿಸು ಎನ್ನುವುದು. ಹೊಸ ಹಾಳೆ ತೆಗೆದುಕೋ ಎಂಬ ಆ ಹಳೆಯ ಅಪ್ಪಣೆಯನ್ನು ಪ್ರಿಂಟರುಗಳು ಈಗಲೂ ಪಾಲಿಸುತ್ತವೆ.

ಈ ಸಹಾಯಕರನ್ನು ಒಬ್ಬರಿಗೊಬ್ಬರು ಜೋಡಿಸುವ ಉಪಾಯವೇ ಯುನಿಕ್ಸ್‌ನ ದೊಡ್ಡ ಕೊಡುಗೆ. ಬೆಲ್ ಲ್ಯಾಬ್ಸ್‌ನ ಡಗ್ ಮೆಕ್ಇಲ್‌ರಾಯ್ 1964ರಲ್ಲೇ ಒಂದು ಟಿಪ್ಪಣಿ ಬರೆದಿದ್ದರು. ತೋಟಕ್ಕೆ ನೀರು ಹಾಯಿಸುವ ಪೈಪಿನ ತುಂಡುಗಳನ್ನು ತಿರುಗಿಸಿ ಜೋಡಿಸುವ ಹಾಗೆ ಪ್ರೋಗ್ರಾಮುಗಳನ್ನೂ ಜೋಡಿಸುವಂತಿರಬೇಕು ಎಂಬುದು ಅವರ ಆಸೆ. 1973ರಲ್ಲಿ ಥಾಂಪ್ಸನ್ ಅದನ್ನು ಮಾಡಿ ತೋರಿಸಿದರು. ಅದರ ಗುರುತು ನಿಂತ ಗೆರೆ. ಗೆರೆಯ ಎಡಗಡೆಯವನು ಮಾಡಿಕೊಟ್ಟದ್ದು ಬಲಗಡೆಯವನ ಕೈ ಸೇರುತ್ತದೆ. ನಮ್ಮ ಸಾಲು ಹೀಗಾಗುತ್ತದೆ:

ಎಫ್‌ಎಂಟಿ ಕಥೆ | ಪಿಆರ್ | ಎಲ್‌ಪಿ

ಎಫ್‌ಎಂಟಿ ಸಾಲುಗಳನ್ನು ಸರಿಮಾಡಿ ಪಿಆರ್‌ಗೆ ಕೊಟ್ಟ. ಪಿಆರ್ ಪುಟ ಮಾಡಿ ಎಲ್‌ಪಿಗೆ ಕೊಟ್ಟಿತು. ಎಲ್‌ಪಿ ಪ್ರಿಂಟರಿಗೆ ಕಳಿಸಿತು. ಯಾರೂ ಇನ್ನೊಬ್ಬರ ಕೆಲಸಕ್ಕೆ ಕೈಹಾಕಲಿಲ್ಲ. ಆದರೆ ಯಾರು ಮೊದಲು, ಯಾರು ಆಮೇಲೆ ಎನ್ನುವುದು ಬಹಳ ಮುಖ್ಯ. ಪಿಆರ್‌ಗೆ ಎರಡು ಅಂಕಣದಲ್ಲಿ ಹಾಕು ಎಂದು ಹೇಳಿ ನೋಡಿ, ವೃತ್ತಪತ್ರಿಕೆಯಲ್ಲಿ ಇರುತ್ತದಲ್ಲ, ಹಾಗೆ. ಅದರ ಅಗಲ ಒಟ್ಟು 72. ನಡುವೆ ಒಂದು ಬಿಟ್ಟು ಎರಡಾಗಿ ಹಂಚಿದರೆ ಒಂದು ಅಂಕಣಕ್ಕೆ 35 ಅಕ್ಷರ. ನಿಮ್ಮ ಸಾಲು 50 ಅಕ್ಷರ ಇದ್ದರೆ ಉಳಿದ 15 ಅಕ್ಷರಗಳನ್ನು ಪಿಆರ್ ಮುಂದಿನ ಸಾಲಿಗೆ ಇಳಿಸುವುದಿಲ್ಲ, ಬಿಟ್ಟೇಬಿಡುತ್ತದೆ. ಕಥೆಯ ಬಲಭಾಗವೇ ಮಾಯ! ಮೂಲ ಫೈಲಿಗೆ ಏನೂ ಆಗಿರುವುದಿಲ್ಲ, ಹೆದರಬೇಡಿ. ಹಾಳೆಯ ಮೇಲೆ ಮಾತ್ರ ಅದು ಇಲ್ಲ. ಆದ್ದರಿಂದ ಮೊದಲು ಎಫ್‌ಎಂಟಿಗೆ 35 ಅಗಲ ಎಂದು ಹೇಳಿ ಸಾಲುಗಳನ್ನು ಗಿಡ್ಡ ಮಾಡಿಸಿ, ಆಮೇಲೆ ಪಿಆರ್ ಕೈಗೆ ಕೊಡಬೇಕು.

ಎಲ್‌ಪಿ ಬಗ್ಗೆ ಒಂದೆರಡು ಮಾತು. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಪ್ರಿಂಟರ್ ಒಂದೇ, ಮಕ್ಕಳು ಮೂವತ್ತು. ಎಲ್ಲರೂ ಒಟ್ಟಿಗೆ ಎಲ್‌ಪಿ ಎಂದರೆ ಒಬ್ಬರ ಸಾಲಿನ ನಡುವೆ ಇನ್ನೊಬ್ಬರ ಸಾಲು ನುಗ್ಗಿಬಿಡಬೇಕಿತ್ತು. ಹಾಗಾಗದಂತೆ ಎಲ್‌ಪಿ ಪ್ರತಿಯೊಂದನ್ನೂ ಪಕ್ಕಕ್ಕೆ ತೆಗೆದಿಟ್ಟು, ಅದಕ್ಕೊಂದು ಸಂಖ್ಯೆ ಕೊಟ್ಟು, ಸರದಿಯಲ್ಲಿ ನಿಲ್ಲಿಸುತ್ತದೆ. ನಿಮ್ಮದು 27 ಎಂದುಕೊಳ್ಳಿ. ಕ್ಯಾನ್ಸಲ್ 27 ಎಂದರೆ ಸರದಿಯಿಂದ ಹೊರಗೆ. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಈ ಸರದಿ ನೋಡಿಕೊಳ್ಳುವ ವ್ಯವಸ್ಥೆಯ ಹೆಸರು ಕಪ್ಸ್. ಮೈಕೆಲ್ ಸ್ವೀಟ್ ಎಂಬುವರು 1997ರಲ್ಲಿ ಅದನ್ನು ಬರೆಯಲು ಶುರುಮಾಡಿದರು. ಮೂರು ಪ್ರತಿ ತೆಗೆ, ಹಾಳೆಯ ಎರಡೂ ಬದಿಗೆ ಹಾಕು, ಒಂದು ಬದಿಯಲ್ಲಿ ಎರಡು ಪುಟ ಕೂರಿಸು ಎಂದೆಲ್ಲ ಎಲ್‌ಪಿಗೆ ಹೇಳಬಹುದು. ಇನ್ನೊಂದು ಸಂಗತಿ ಕೇಳಿ. ಪ್ರಿಂಟರ್ ಏನೋ ತೊಂದರೆ ಇದೆ ಎನ್ನುತ್ತಿದೆ, ಆದರೆ ಕಾಗದ ಮುಗಿದಿಲ್ಲ, ಸಂಪರ್ಕವೂ ತಪ್ಪಿಲ್ಲ. ಅಂಥ ಹೊತ್ತಿನಲ್ಲಿ ಹೇಳಲೆಂದು ಲಿನಕ್ಸ್‌ನ ಒಳಗೆ ಒಂದು ಸಂದೇಶ ಬರೆದಿಟ್ಟಿದ್ದಾರೆ. ಪ್ರಿಂಟರಿಗೆ ಬೆಂಕಿ ಹತ್ತಿದೆ ಎಂಬುದೇ ಆ ಸಂದೇಶ!

ಇನ್ನು ನಮ್ಮ ಕನ್ನಡ. ಆಸ್ಕಿ ಪಟ್ಟಿಯಲ್ಲಿ ಇರುವುದು 128 ಜಾಗ. ಇಂಗ್ಲಿಷಿನ ಅಕ್ಷರಗಳು, ಅಂಕಿಗಳು, ಚಿಹ್ನೆಗಳು, ಆ ಅಪ್ಪಣೆಗಳು ಕೂತ ಮೇಲೆ ಅದು ಭರ್ತಿ. ಪ್ರಪಂಚದ ಎಲ್ಲ ಲಿಪಿಗಳಿಗೂ ಜಾಗ ಕೊಡಬೇಕೆಂದು ಯುನಿಕೋಡ್ ಎಂಬ ದೊಡ್ಡ ಪಟ್ಟಿ 1991ರಲ್ಲಿ ಬಂತು, ಕನ್ನಡ ಅದರಲ್ಲಿ ಮೊದಲಿನಿಂದಲೂ ಇದೆ. ಆದರೆ ಅಷ್ಟು ದೊಡ್ಡ ಸಂಖ್ಯೆಗಳನ್ನು ಫೈಲಿನಲ್ಲಿ ಬರೆದಿಡುವುದು ಹೇಗೆ? ಫೈಲಿನ ಒಂದೊಂದು ಮನೆಯಲ್ಲಿ, ಅದಕ್ಕೆ ಬೈಟ್ ಎನ್ನುತ್ತಾರೆ, 0ರಿಂದ 255ರವರೆಗಿನ ಸಂಖ್ಯೆ ಮಾತ್ರ ಹಿಡಿಸುತ್ತದೆ. 1992ರಲ್ಲಿ ಒಂದು ಸಂಜೆ ನ್ಯೂಜೆರ್ಸಿಯ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಇದಕ್ಕೊಂದು ಉಪಾಯ ಹೊಳೆಯಿತು. ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಅದನ್ನು ಬರೆದರು. ಬರೆದವರು ಅದೇ ಕೆನ್ ಥಾಂಪ್ಸನ್, ಜೊತೆಗಿದ್ದವರು ರಾಬ್ ಪೈಕ್. ಆ ಉಪಾಯದ ಹೆಸರು ಯುಟಿಎಫ್-8. ನಿಮ್ಮ ಫೋನಿನಲ್ಲಿ, ಶಾಲೆಯ ಕಂಪ್ಯೂಟರಿನಲ್ಲಿ ಕನ್ನಡವನ್ನು ಉಳಿಸಿಡುವುದು ಸಾಮಾನ್ಯವಾಗಿ ಈ ರೀತಿಯಲ್ಲೇ.

ಈ ಲೆಕ್ಕದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಮ ಎಂದರೆ 224, 178, 174. ಓಡಿ ಎಂಬ ಕಮಾಂಡ್ ಈ ಸಂಖ್ಯೆಗಳನ್ನು ತೆಗೆದು ತೋರಿಸುತ್ತದೆ. ಈಗ ‘ಮಲ್ಲಿಗೆ’ ಎಂದು ಬರೆಯಿರಿ. ನೀವು ಎಣಿಸಿದರೆ ಮೂರು ಅಕ್ಷರ: ಮ, ಲ್ಲಿ, ಗೆ. ಕಂಪ್ಯೂಟರ್ ಬರೆದಿಟ್ಟಿರುವುದು ಏಳು ಚಿಹ್ನೆ: ಮ, ಲ, ಅರ್ಧಾಕ್ಷರದ ಗುರುತು, ಇನ್ನೊಂದು ಲ, ಗುಡಿಸು, ಗ, ಎತ್ವ. ಏಳ್ಮೂರ್ಲಿ ಇಪ್ಪತ್ತೊಂದು ಬೈಟ್. ಎಣಿಸುವ ಕಮಾಂಡ್ ಒಂದಿದೆ, ಡಬ್ಲ್ಯೂಸಿ ಎಂದು. ಬೈಟ್ ಎಷ್ಟು ಎಂದರೆ 21 ಅನ್ನುತ್ತದೆ, ಚಿಹ್ನೆ ಎಷ್ಟು ಎಂದರೆ 7 ಅನ್ನುತ್ತದೆ. ಮೂರು ಎಂದು ಮಾತ್ರ ಅದಕ್ಕೆ ಹೇಳಲು ಬರುವುದಿಲ್ಲ.

ಬೈಟುಗಳನ್ನಷ್ಟೇ ಎಣಿಸುವ ಫೋಲ್ಡ್ ಇನ್ನೂ ಎಷ್ಟೋ ಕಂಪ್ಯೂಟರುಗಳಲ್ಲಿದೆ. ಅಂಥದರ ಕೈಗೆ ‘ಮಲ್ಲಿಗೆ’ ಕೊಟ್ಟು 10 ಅಗಲಕ್ಕೆ ಮಡಿಸು ಎನ್ನಿ. ಮೊದಲ 9 ಬೈಟಿನಲ್ಲಿ ಮ, ಲ, ಅರ್ಧಾಕ್ಷರದ ಗುರುತು ಮುಗಿಯುತ್ತವೆ; ತೆರೆಯ ಮೇಲೆ ‘ಮಲ್’ ಎಂದು ಕಾಣುತ್ತದೆ. ಹತ್ತನೆಯ ಬೈಟ್ 224, ಎರಡನೆಯ ಲಕಾರದ ಮೊದಲ ಮೂರನೆಯ ಒಂದು ಭಾಗ. ಅಷ್ಟಕ್ಕೇ ಕತ್ತರಿ! ಲಕಾರದ ಉಳಿದ ಎರಡು ಬೈಟುಗಳು ಮುಂದಿನ ಸಾಲಿಗೆ ಬಿದ್ದವು. ಒಡೆದ ತುಂಡುಗಳು ಯಾವ ಅಕ್ಷರವೂ ಅಲ್ಲ, ಆದ್ದರಿಂದ ತೆರೆಯ ಮೇಲೆ ಪ್ರಶ್ನಾರ್ಥಕದ ಡಬ್ಬಿಗಳು ಮೂಡುತ್ತವೆ. ಆಮೇಲೆ ಆತುಕೊಳ್ಳಲು ಅಕ್ಷರವಿಲ್ಲದ ಗುಡಿಸು, ಅದರ ಪಕ್ಕ ಗ, ಕೊನೆಗೆ ಎತ್ವವೂ ಮುರಿದು ಎರಡು ಸಾಲಿಗೆ ಹಂಚಿಹೋಯಿತು.

ಈ ಮುರಿತವನ್ನು ತಪ್ಪಿಸುವ ಜಾಣತನ ಥಾಂಪ್ಸನ್ನರ ಉಪಾಯದೊಳಗೇ ಇದೆ. ಯುಟಿಎಫ್-8ರಲ್ಲಿ ಚಿಹ್ನೆಯ ಮೊದಲ ಬೈಟ್ ಬಿಟ್ಟು ಉಳಿದವೆಲ್ಲ 128ರಿಂದ 191ರ ಒಳಗೇ ಇರುತ್ತವೆ, ಮೊದಲನೆಯದು ಎಂದೂ ಆ ಗುಂಪಿನಲ್ಲಿ ಇರುವುದಿಲ್ಲ. ಮಕಾರದ 224, 178, 174 ಮತ್ತೆ ನೋಡಿ, ಗೊತ್ತಾಗುತ್ತದೆ. ಹಾಗಾಗಿ ಒಂದೇ ನಿಯಮ ಸಾಕು: ಮುಂದಿನ ಬೈಟ್ 128ರಿಂದ 191ರ ಒಳಗಿದ್ದರೆ ಅಲ್ಲಿ ಕತ್ತರಿಸಬಾರದು.

ಇಷ್ಟಾದರೂ ಕನ್ನಡಕ್ಕೆ ಸಾಲದು. ಮೂರು ಮೂರು ಚಿಹ್ನೆಗೆ ಕತ್ತರಿಸಿದೆವು ಅನ್ನಿ. ಬೈಟ್ ಯಾವುದೂ ಒಡೆಯುವುದಿಲ್ಲ. ಆದರೆ ಮೊದಲ ಸಾಲು ‘ಮಲ್’, ಎರಡನೆಯ ಸಾಲು ‘ಲಿಗ’, ಮೂರನೆಯ ಸಾಲಿನಲ್ಲಿ ಒಂಟಿ ಎತ್ವ. ಒತ್ತಕ್ಷರ ಕಳಚಿಹೋಯಿತು. ಅಡ್ಡಗೆರೆ ಎಸ್ ಹಾಕಿ ಪದಗಳ ನಡುವೆ ಮಾತ್ರ ಕತ್ತರಿಸಿದರೆ ಈ ಕಾಟ ತಪ್ಪುತ್ತದೆ, ಪದ ಸಾಲಿನ ಅಗಲಕ್ಕಿಂತ ಚಿಕ್ಕದಾಗಿದ್ದರೆ. ಆದರೂ ಅಗಲದ ಲೆಕ್ಕ ತಪ್ಪುತ್ತದೆ. ಲಿನಕ್ಸ್‌ನ ಎಫ್‌ಎಂಟಿಯೂ ಬೈಟ್ ಎಣಿಸುವವನೇ. ಅವನ 75 ಎಂದರೆ ಕನ್ನಡದಲ್ಲಿ ಸುಮಾರು 25 ಚಿಹ್ನೆ, ಅಷ್ಟಕ್ಕೇ ಸಾಲು ಮುಗಿದು ಹಾಳೆಯ ಬಲಭಾಗವೆಲ್ಲ ಖಾಲಿ ಉಳಿಯುತ್ತದೆ. ಅಗಲವನ್ನು ಮೂರು ಪಟ್ಟು ಹೇಳಿ ಸರಿದೂಗಿಸಬಹುದು, ಪೂರ್ತಿ ಸರಿಯಾಗುವುದಿಲ್ಲ. ಟೆಲಿಟೈಪಿನಲ್ಲಿ ಎಲ್ಲ ಅಕ್ಷರಗಳೂ ಒಂದೇ ಅಗಲ. ಎಣಿಸಿದರೆ ಅಳೆದ ಹಾಗೇ ಆಗುತ್ತಿತ್ತು. ಕನ್ನಡದಲ್ಲಿ ರ ಚಿಕ್ಕದು, ಣ ದೊಡ್ಡದು, ಮೌ ಇನ್ನೂ ದೊಡ್ಡದು; ಒತ್ತು ಕೆಳಗೆ ಕೂರುತ್ತದೆ. ಇಲ್ಲಿ ಎಣಿಸಿದರೆ ಆಗದು, ಅಚ್ಚಾಗುವ ಆಕಾರವನ್ನೇ ಅಳೆಯಬೇಕು.

ಹಾಗೆ ಅಳೆಯುವ ಸಹಾಯಕನೂ ಇದ್ದಾನೆ. ಪ್ಯಾಪ್ಸ್ ಎಂದು ಹೆಸರು, ಲಿನಕ್ಸ್‌ಗೆ ಬೇರೆಯಾಗಿ ಹಾಕಿಕೊಳ್ಳಬೇಕು. ಯಾವ ಚಿಹ್ನೆಯ ಜೊತೆ ಯಾವುದು ಸೇರಿ ಯಾವ ರೂಪ ತಾಳುತ್ತದೆ ಎಂದು ಬಲ್ಲ ಪ್ಯಾಂಗೊ ಎಂಬ ಸಾಫ್ಟ್‌ವೇರಿನ ನೆರವು ಅದಕ್ಕಿದೆ. ನೋಟೊ ಸ್ಯಾನ್ಸ್ ಕನ್ನಡ, ಗುಬ್ಬಿ, ನವಿಲು, ಹೀಗೆ ನೀವು ಹೇಳಿದ ಫಾಂಟಿನಲ್ಲಿ ಅಕ್ಷರಗಳನ್ನು ಜೋಡಿಸಿ, ಅವುಗಳ ನಿಜವಾದ ಅಗಲ ಅಳೆದು, ಸಾಲು ಮುರಿದು, ಪುಟ ಮಾಡಿ ಕೊಡುತ್ತದೆ. ಕಮಾಂಡ್ ಇಷ್ಟೇ:

ಪ್ಯಾಪ್ಸ್ ಕಥೆ | ಎಲ್‌ಪಿ

ಟರ್ಮಿನಲ್ ಕಿಟಕಿಯಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೂ ಹಾಳೆಯ ಮೇಲೆ ಸರಿಯಾಗಿ ಬರುತ್ತವೆ. ಕಿಟಕಿಯ ಮನೆಗಳು ಈಗಲೂ ಒಂದೇ ಅಗಲದವು, ಅಲ್ಲಿ ಕನ್ನಡ ಇಕ್ಕಟ್ಟಿನಲ್ಲಿ ಕೂತಿರುತ್ತದೆ. ಅದನ್ನು ಸರಿಪಡಿಸುವ ಕೆಲಸ ಇನ್ನೂ ಬಾಕಿ ಇದೆ, ಕನ್ನಡ ಬಲ್ಲವರು ಕೈಹಾಕಿದರೆ ಅದು ಬೇಗ ಆಗುತ್ತದೆ. ನಿಮ್ಮಲ್ಲಿ ಕೆಲವರಾದರೂ ದೊಡ್ಡವರಾದ ಮೇಲೆ ಆ ಕೆಲಸ ಮಾಡಬೇಕೆಂದು ನನಗೆ ತುಂಬ ಆಸೆ.

ಈಗಲೇ ಮಾಡಬಹುದಾದದ್ದು ಒಂದಿದೆ, ಅದಕ್ಕೆ ಕಾಗದ, ಪೆನ್ಸಿಲ್ ಸಾಕು. ನಿಮ್ಮ ಹೆಸರನ್ನು ಬರೆದು ಚಿಹ್ನೆಗಳಾಗಿ ಬಿಡಿಸಿ. ಒಂದೊಂದರ ಕೆಳಗೂ ಮೂರು ಚುಕ್ಕಿ ಇಡಿ. ಎಡದಿಂದ ಹತ್ತು ಚುಕ್ಕಿ ಎಣಿಸಿ ಗೆರೆ ಎಳೆದು, ಫೋಲ್ಡ್ ಎಲ್ಲಿ ಕತ್ತರಿಸುತ್ತದೆ ಎಂದು ಹೇಳಿ. ‘ಕೃಷ್ಣ’ ಎಂದರೆ ಕ, ಋತ್ವದ ಸುಳಿ, ಷ, ಅರ್ಧಾಕ್ಷರದ ಗುರುತು, ಣ: ಹದಿನೈದು ಚುಕ್ಕಿ. ಹತ್ತನೆಯದು ಅರ್ಧಾಕ್ಷರದ ಗುರುತಿನೊಳಗೆ ಬೀಳುತ್ತದೆ. ಹಾಗಾದರೆ ಮೊದಲ ಸಾಲಿನಲ್ಲಿ ‘ಕೃಷ’ ಮತ್ತು ಒಂದು ಡಬ್ಬಿ, ಎರಡನೆಯದರಲ್ಲಿ ಇನ್ನೊಂದೆರಡು ಡಬ್ಬಿ, ಆಮೇಲೆ ಣ. ಬರೆದಿಟ್ಟುಕೊಂಡು ಕಂಪ್ಯೂಟರಿನಲ್ಲಿ ಹಾಕಿ ನೋಡಿ. ಉತ್ತರ ಬೇರೆ ಬಂದರೆ ನಿಮ್ಮ ಫೋಲ್ಡ್ ಬೈಟಿನ ಬದಲು ಚಿಹ್ನೆಗಳನ್ನು ಎಣಿಸುವ ಹೊಸದಿರಬಹುದು. ಆಗ 10ರ ಬದಲು 3 ಅಗಲ ಕೊಟ್ಟು ಮತ್ತೆ ಲೆಕ್ಕ ಹಾಕಿ.